‘ಬರ್ತೀನಿ’ ಅಂದರೆ ಏನರ್ಥ

ಕೋರ್ಟು ಕಚೇರಿಯ ವಿಷಯದಲ್ಲಿ ನಮ್ಮ ಹಿರಿಯರು ಒಂದು ಮಾತು ಹೇಳುತ್ತಾರೆ: ಗೆದ್ದವ ಸೋತ, ಸೋತವ ಸತ್ತ. ಮನೆಯೊಳಗಿನ ವಾದಕ್ಕೂ ಈ ಮಾತು ಹೊಂದುತ್ತದೆ ಎಂದು ಅವರು ಯಾಕೆ ಬಿಡಿಸಿ ಹೇಳಲಿಲ್ಲವೋ ಗೊತ್ತಿಲ್ಲ. ಹೇಳಿದ್ದರೆ ನಾನು ಇಷ್ಟು ಹೊತ್ತಿಗೆ ಸುಖವಾಗಿ ಸೋತುಕೊಂಡು, ದಿನಕ್ಕೆ ನಾಲ್ಕು ಸಲ ಹೆಂಡತಿಯಿಂದ ಬೈಸಿಕೊಂಡು, ಬಿಸಿ ರೊಟ್ಟಿ ತಿನ್ನುತ್ತ ಇರುತ್ತಿದ್ದೆ. ಮದುವೆಯಾದಂದಿನಿಂದ ನಾನು ಆಕೆಯ ಎದುರು ಗೆದ್ದದ್ದು ಒಂದೇ ಒಂದು ವಾದ. ಅದೂ ಹತ್ತು ಜನರ ಮುಂದೆ, ನಮ್ಮ ಮನೆಯ ಕಟ್ಟೆಯ ಮೇಲೆ, ಒಂದು ಪ್ರೇಮದ ಸಿನಿಮಾದ ಕೊನೆಯ ಮಾತಿನ ಸಲುವಾಗಿ. ಆ ಗೆಲುವನ್ನು ಯಾರಾದರೂ ವಾಪಸು ತೆಗೆದುಕೊಳ್ಳುತ್ತೇನೆಂದು ಬಂದರೆ ಮೇಲೆ ಒಂದು ಚೀಲ ಕಡಲೆ ಹಾಕಿ ಕೊಟ್ಟುಬಿಡುತ್ತೇನೆ.

ನಾನು ಅಣ್ಣಿಗೇರಿಯಲ್ಲಿ ಹೈಸ್ಕೂಲಿನ ಕನ್ನಡ ಮಾಸ್ತರ. ಈ ವೃತ್ತಿಯ ದೊಡ್ಡ ರೋಗವೆಂದರೆ, ಜನ ಮಾತಾಡುವಾಗ ಅವರು ಏನು ಹೇಳುತ್ತಿದ್ದಾರೆ ಎಂಬುದನ್ನು ಬಿಟ್ಟು ಹೇಗೆ ಹೇಳುತ್ತಿದ್ದಾರೆ ಎಂಬುದೇ ಕಿವಿಗೆ ಬೀಳುತ್ತದೆ. ಒಮ್ಮೆ ನೆರೆಮನೆಯ ಮುದುಕಿ ‘ಮಾಸ್ತರ, ನಮ್ಮ ಹಿತ್ತಲದಾಗ ಹಾವ ಹೊಂಟೈತಿ’ ಎಂದು ಓಡಿಬಂದಾಗ, ಅದು ‘ಹಿತ್ತಲದಾಗ’ ಅಲ್ಲ ‘ಹಿತ್ತಿಲಲ್ಲಿ’ ಎಂದು ತಿದ್ದಿದ ಪುಣ್ಯಾತ್ಮ ನಾನು. ನನ್ನ ಹೆಂಡತಿ ಗಿರಿಜಾ ಅಷ್ಟರಲ್ಲಿ ಕೋಲು ಹಿಡಿದುಕೊಂಡು ಹೋಗಿ ಹಾವನ್ನು ಓಡಿಸಿ ಬಂದಿದ್ದಳು. ಬಂದವಳು, ‘ಏನ್ರಿ, ಹಾವು ಸಪ್ತಮಿ ವಿಭಕ್ತಿ ಕೇಳಿ ಹೊಂಟು ಹೋತು’ ಎಂದಳು. ಆಕೆಗೆ ಏಳನೆಯ ತರಗತಿಯವರೆಗಿನ ವಿಭಕ್ತಿಗಳೆಲ್ಲ ಬಾಯಿಪಾಠವಾಗಿದ್ದವು.

ಗಿರಿಜಾ ಕಲಘಟಗಿ ಕಡೆಯ ತಂಬೂರಿನವಳು. ಏಳನೆಯ ತರಗತಿಗೆ ಆಗ ಮುಲ್ಕಿ ಪರೀಕ್ಷೆ ಅನ್ನುತ್ತಿದ್ದರು. ಅದರಲ್ಲಿ ಆಕೆ ಮೊದಲ ಸಲಕ್ಕೇ, ಅದೂ ಊರಿಗೇ ಮೊದಲಿಗಳಾಗಿ ಪಾಸಾಗಿದ್ದಳು. ಮುಂದಿನ ಸಾಲಿ ಇದ್ದದ್ದು ಕಲಘಟಗಿಯಲ್ಲಿ. ‘ಹೆಣ್ಣುಹುಡುಗಿ ದಿನಾ ಬಸ್ಸಿನ್ಯಾಗ ಹೋಗಿ ಬಂದು ಮಾಡೂದು ಚಂದಲ್ಲ’ ಎಂದು ಮಾವನವರು ಬಿಡಿಸಿದರು. ಅವಳ ಪೆಟ್ಟಿಗೆಯ ತಳದಲ್ಲಿ ಆ ಮುಲ್ಕಿ ಸರ್ಟಿಫಿಕೇಟು ರೇಷ್ಮೆ ಸೀರೆಯ ಮಡಿಕೆಯೊಳಗೆ ಇರುವುದನ್ನು ಮದುವೆಯಾದ ಹೊಸತರಲ್ಲಿ ನಾನು ನೋಡಿದ್ದೆ. ನೋಡಿ ಏನೂ ಅನ್ನದೆ ಸುಮ್ಮನಿದ್ದೆ. ಆಗಿನ ಸುಮ್ಮನಿರುವ ಬುದ್ಧಿ ಮುಂದೆ ಬೇಕಾದ ದಿನ ಎಲ್ಲಿ ಹೋಯಿತೋ!

ನಮ್ಮ ಸಂಸಾರ ನಡೆಯುತ್ತಿದ್ದದ್ದೇ ವಾದದ ಮೇಲೆ. ನಾನು ಏನೇ ಅಂದರೂ ಆಕೆ ‘ಹಂಗಲ್ರಿ’ ಎಂದು ಶುರು ಮಾಡುತ್ತಿದ್ದಳು. ಸಾರಿಗೆ ಉಪ್ಪು ಕಡಿಮೆ ಎಂದರೆ, ‘ಹಂಗಲ್ರಿ, ನಿಮ್ಮೂರ ನೀರ ಉಪ್ಪು, ನಾ ಲೆಕ್ಕಾ ಹಿಡದ ಹಾಕೇನಿ.’ ಮಳೆ ಬರುತ್ತದೆ ಎಂದರೆ, ‘ಹಂಗಲ್ರಿ, ಇದು ನಿಮ್ಮ ಯರಿ ಭೂಮಿ ಮೋಡ, ಬರೇ ಗುಡಗತೈತಿ.’ ಇದರಿಂದ ನನಗೆ ಸಿಟ್ಟು ಬರುತ್ತಿತ್ತು ಎಂದು ಆಗ ನಾನು ತಿಳಿದಿದ್ದೆ. ಖರೆ ಹೇಳುತ್ತೇನೆ, ಸಾಲಿ ಬಿಟ್ಟ ಕೂಡಲೇ ನಾನು ದಾಪುಗಾಲು ಹಾಕಿ ಮನೆಗೆ ಬರುತ್ತಿದ್ದದ್ದು ಅದಕ್ಕಾಗಿಯೇ. ಇಡೀ ದಿನ ಐವತ್ತು ಹುಡುಗರು ‘ಹೌದ್ರಿ ಸರ’ ಅಂದದ್ದನ್ನು ಕೇಳಿ ಜಡ್ಡುಗಟ್ಟಿದ ಕಿವಿಗೆ ಒಂದು ‘ಹಂಗಲ್ರಿ’ ಬಿದ್ದರೆ ಜೀವ ಬಂದಂತಾಗುತ್ತಿತ್ತು.

ಹೀಗಿರುವಾಗ ಊರಿಗೆ ಆ ಸಿನಿಮಾ ಬಂತು. ಅದರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲೂ ಇಬ್ಬರು ನೋಡಿದವರಿರುತ್ತಾರೆ, ಮತ್ತೆ ಶುರುವಾಗುತ್ತದೆ. ಸಂತೆ ಬಯಲಿನ ಆಚೆ ಟೂರಿಂಗ್ ಟಾಕೀಜಿನ ತಂಬು ಬಿದ್ದಿತ್ತು. ಮುಂದೆ ನೆಲ, ಅದರ ಹಿಂದೆ ಬೆಂಚು, ಎಲ್ಲಕ್ಕಿಂತ ಹಿಂದೆ ನಾಲ್ಕು ಸಾಲು ಕುರ್ಚಿ. ಹೆಂಗಸರಿಗೆ ಎಡಗಡೆ ಹಗ್ಗ ಕಟ್ಟಿ, ಅರಿವೆ ಇಳಿಬಿಟ್ಟು, ಪರದೆಯ ಹತ್ತಿರವೇ ಬೇರೆ ಜಾಗ. ನಾನು ಮಾಸ್ತರನ ಮರ್ಯಾದೆಗೆ ತಕ್ಕಂತೆ ಬೆಂಚಿನ ಮೇಲೆ, ಗಿರಿಜಾ ಓಣಿಯ ಹೆಂಗಸರ ಜೊತೆ ಹಗ್ಗದ ಆಚೆ. ಗಂಡ ಹೆಂಡತಿ ಒಂದೇ ಸಿನಿಮಾಕ್ಕೆ ಹೋಗಿ ಎರಡು ಸಿನಿಮಾ ನೋಡಿಬಂದೆವು ಎಂಬುದು ನನಗೆ ತಿಳಿಯಲು ಬಹಳ ದಿನ ಹಿಡಿಯಿತು.

ಕಥೆ ದೊಡ್ಡದೇನಲ್ಲ. ಸಾಲಿಯಲ್ಲಿ ಸಂಗೀತ ಕಲಿಸುವ ಒಬ್ಬ ಹುಡುಗಿ, ಊರೂರು ತಿರುಗಿ ಫೋಟೋ ತೆಗೆಯುವ ಒಬ್ಬ ಹುಡುಗ. ಇಬ್ಬರಿಗೂ ಪ್ರೀತಿ. ಅಪ್ಪ ಬೇರೆ ಕಡೆ ಮಾತು ಕೊಟ್ಟಿದ್ದಾನೆ. ಕೊನೆಯಲ್ಲಿ ರೈಲು ನಿಲ್ದಾಣ. ಹುಡುಗ ಗಾಡಿಯ ಬಾಗಿಲಲ್ಲಿ, ಹುಡುಗಿ ಕೆಳಗೆ. ಸೀಟಿ ಊದುತ್ತದೆ. ಹುಡುಗಿ ಅವನನ್ನು ನೋಡಿ ‘ಬರ್ತೀನಿ’ ಅನ್ನುತ್ತಾಳೆ. ಅಷ್ಟೇ. ಅಲ್ಲಿಗೆ ಚಕ್ ಎಂದು ಪರದೆ ಬೆಳ್ಳಗಾಗಿ, ‘ಬೀಡಿ ಸೇದಬಾರದು’ ಎಂಬ ಸ್ಲೈಡು ಬಿತ್ತು. ಹಳೆಯ ಪ್ರಿಂಟು, ಹತ್ತೂರು ಸುತ್ತಿ ಬಂದದ್ದು, ಕೊನೆಯ ತುದಿ ಸವೆದು ಹರಿದು ಹೋಗಿತ್ತು. ಜನ ಎದ್ದು ನಿಂತರು. ‘ಮುಂದ? ಲೇ, ಮುಂದ?’ ಎಂದು ಕೂಗಿದರು. ಆಪರೇಟರ್ ಹುಸೇನಸಾಬ ತೂತಿನಿಂದ ಮುಖ ಹೊರಗೆ ಹಾಕಿ, ‘ರೀಲಿನ್ಯಾಗ ಇಷ್ಟ ಐತ್ರಿ, ಬಾಕಿದ್ದು ಮನಿಗೆ ಹೋಗಿ ನೋಡ್ರಿ’ ಎಂದ.

ಜನ ಹಾಗೆಯೇ ಮಾಡಿದರು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಊರು ಎರಡಾಗಿತ್ತು. ‘ಬರ್ತೀನಿ’ ಅಂದರೆ ನಿನ್ನ ಸಂಗಡ ಬರ್ತೀನಿ ಎಂದರ್ಥ, ಆಕೆ ಗಾಡಿ ಹತ್ತಿದಳು ಎಂದು ಒಂದು ಪಕ್ಷ. ಅಲ್ಲ, ಯಾರನ್ನಾದರೂ ಬಿಟ್ಟು ಹೊರಡುವಾಗ ನಮ್ಮಲ್ಲಿ ಹೇಳುವುದೇ ‘ಬರ್ತೀನಿ’, ಆಕೆ ಅವನಿಗೆ ಕೊನೆಯ ನಮಸ್ಕಾರ ಹೇಳಿ ಅಪ್ಪನ ಮನೆಗೆ ತಿರುಗಿದಳು ಎಂದು ಇನ್ನೊಂದು ಪಕ್ಷ. ಹತ್ತಿದಳು ಪಕ್ಷ, ತಿರುಗಿದಳು ಪಕ್ಷ. ಚಹಾದ ಹೋಟೆಲಿನಲ್ಲಿ ಬಲಗಡೆಯ ಬಾಕಿನ ಮೇಲೆ, ಅಂದರೆ ಬೆಂಚಿನ ಮೇಲೆ, ಕೂಡುವವರು ಹತ್ತಿದಳು ಪಕ್ಷದವರು, ಎಡಗಡೆ ತಿರುಗಿದಳು ಪಕ್ಷದವರು. ಕ್ಷೌರದಂಗಡಿಯವನು ತಿರುಗಿದಳು ಪಕ್ಷ. ಅವನ ಕುರ್ಚಿಯಲ್ಲಿ ಕೂತ ಒಬ್ಬ ಹಮಾಲ, ‘ಹತ್ತಲಾರದ ಏನ ಮಾಡ್ತಾಳ ಬಿಡೋ’ ಎಂದು ಬಾಯಿ ಬಿಟ್ಟದ್ದೇ ತಡ, ಅರ್ಧ ಗಡ್ಡಕ್ಕೇ ಅರಿವೆ ಜಾಡಿಸಿ ಎಬ್ಬಿಸಿ ಕಳಿಸಿದನಂತೆ. ಆ ಮನುಷ್ಯ ಇಡೀ ಮಧ್ಯಾಹ್ನ ಕಾಳಿನ ಪೇಟೆಯಲ್ಲಿ ಅರ್ಧ ಮುಖಕ್ಕೆ ಟಾವೆಲು ಸುತ್ತಿಕೊಂಡು ಚೀಲ ಹೊತ್ತ. ಹಿರಿಯರಿಗೆ ಅಪ್ಪನ ಮಾತು ಉಳಿಯಬೇಕಾಗಿತ್ತು, ಹರೆಯದವರಿಗೆ ಹುಡುಗನ ಮಾತು ಉಳಿಯಬೇಕಾಗಿತ್ತು. ಆ ಹುಡುಗಿಯ ಮಾತು ಏನು ಎಂದು ಯಾರೂ ಕೇಳುತ್ತಿರಲಿಲ್ಲ, ನಾನೂ ಕೇಳಲಿಲ್ಲ.

ಇದರಿಂದ ಲಾಭವಾದದ್ದು ತಂಬಿನವರಿಗೆ. ಒಮ್ಮೆ ನೋಡಿದವರು ಸಾಕ್ಷಿ ಹುಡುಕಲು ಮತ್ತೆ ಹೋಗುತ್ತಿದ್ದರು. ನಾಲ್ಕು ದಿನದ ಸಿನಿಮಾ ಮೂರನೆಯ ವಾರಕ್ಕೆ ಬಿತ್ತು. ಹುಸೇನಸಾಬ ಪೇಟೆಯಲ್ಲಿ ಸಿಕ್ಕಾಗ ನನ್ನನ್ನು ಬಾಜೂಕ್ಕೆ ಕರೆದು, ‘ಸರ, ನಿಮ್ಮ ಕಡೆ ಫೈಸ್ಲಾಕ್ಕ ಬರೋರ ಅದಾರಂತ. ದಯಮಾಡಿ ಕೊಡಬ್ಯಾಡ್ರಿ. ಇಂಥಾ ಮಾತಿಗೆ ಫೈಸ್ಲಾ ಕೊಟ್ಟೋರು ಉದ್ಧಾರ ಆಗಿಲ್ಲ’ ಎಂದ. ತೀರ್ಪು ಬಂದರೆ ಟಿಕೆಟ್ಟು ಹೋದಾವೆಂಬ ಚಿಂತೆಗೆ ಅವನು ಹೇಳುತ್ತಿದ್ದಾನೆ ಎಂದುಕೊಂಡೆ. ಮನಸ್ಸಿನಲ್ಲಿ ನಗುತ್ತ, ಹೊರಗೆ ಗಂಭೀರವಾಗಿ ತಲೆಯಾಡಿಸಿ ಬಂದೆ.

ಆ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಮಾಲಕರಾದ ಚನ್ನಬಸಪ್ಪ ಕಾಕಾ ಹತ್ತು ಹನ್ನೆರಡು ಜನರನ್ನು ಕರೆದುಕೊಂಡು ಕಟ್ಟೆಗೆ ಬಂದರು. ಕಾಕಾ ಕಾಳಿನ ವ್ಯಾಪಾರಿ. ಅವರ ದನಿ ಹರಾಜಿನಲ್ಲಿ ಬೆಳೆದದ್ದು. ‘ಮಾಸ್ತರ, ನಿಮ್ಮಂಥಾ ಪಂಡಿತರು ನಮ್ಮ ಮನ್ಯಾಗ ಬಾಡಿಗಿ ಇದ್ದು, ನಾವು ಒಂದು ಕನ್ನಡ ಶಬ್ದಕ್ಕ ಹೊಡದಾಡೂದಂದ್ರ ಏನ್ರಿ! ನೀವು ಹೇಳ್ರಿ, ಮುಗೀಲಿ. ನೀವಂದದ್ದ ಕೊನೀ ಮಾತು’ ಎಂದರು. ಸ್ವಾಮಿ, ಹೈಸ್ಕೂಲ ಮಾಸ್ತರನಿಗೆ ಇಂಥ ಮಾತು ಜೀವಮಾನದಲ್ಲಿ ಎಷ್ಟು ಸಲ ಸಿಕ್ಕೀತು? ನಾನು ಎದ್ದು ಒಳಗೆ ಹೋಗಿ ಅಂಗಿಯ ಮೇಲೆ ಕೋಟು ಹಾಕಿಕೊಂಡು ಬಂದೆ. ಏಪ್ರಿಲ್ ತಿಂಗಳು. ಆ ಕೋಟನ್ನು ನೆನೆಸಿಕೊಂಡರೆ ಈಗಲೂ ಮೈ ಬೆವರುತ್ತದೆ.

ಶುರು ಮಾಡಿದೆ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನುವುದು ಅಪಶಕುನ. ಹೋಗುವುದು ಅಂದರೆ ಸುಡುಗಾಡಿಗೆ ಹೋಗುವುದು. ಅದಕ್ಕೇ ನಮ್ಮ ಹಿರಿಯರು ಅದನ್ನು ತಿರುಗಿಸಿ ‘ಬರ್ತೀನಿ’ ಎಂದು ಹೇಳುವ ಪದ್ಧತಿ ಹಾಕಿದರು. ಕ್ರಿಯಾಪದ ಬರುವುದು, ಅರ್ಥ ಹೋಗುವುದು. ಆದ್ದರಿಂದ ಬೀಳ್ಕೊಡುವ ಜಾಗದಲ್ಲಿ ನಿಂತು, ಅಂದರೆ ನಿಲ್ದಾಣದಲ್ಲಿ, ಒಬ್ಬರು ‘ಬರ್ತೀನಿ’ ಅಂದರೆ ಅದಕ್ಕೆ ಹೋಗ್ತೀನಿ ಎಂದೇ ಅರ್ಥ, ಬೇರೆ ಅರ್ಥ ಹಚ್ಚಿದವನು ಕನ್ನಡ ಬಲ್ಲವನಲ್ಲ. ತಿರುಗಿದಳು ಪಕ್ಷದವರು ತೊಡೆ ತಟ್ಟಿದರು. ಕಾಕಾ ‘ವ್ಹಾ!’ ಎಂದರು. ಆಗ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ಗಿರಿಜಾ, ‘ಹಂಗಲ್ರಿ’ ಎಂದಳು.

ಎಲ್ಲರೂ ಅತ್ತ ತಿರುಗಿದರು. ಗಿರಿಜಾ ಸೆರಗು ಸರಿಮಾಡಿಕೊಂಡು, ‘ಆಕಿ ಬರ್ತೀನಿ ಅನ್ನೂವಾಗ ಕಾಲು ನೋಡಿದ್ರೇನು? ಒಂದು ಹೆಜ್ಜಿ ಮುಂದ ಇಟ್ಟಾಳ. ಹಿಂದ ತಿರುಗಾಕಿ ಮುಂದ್ಯಾಕ ಹೆಜ್ಜಿ ಇಡ್ತಾಳ? ಆಕಿ ಹತ್ತಿದ್ಲ್ರಿ’ ಎಂದಳು. ದನಿಯಲ್ಲಿ ಅಂಜಿಕೆ ಇರಲಿಲ್ಲ. ಮನೆಯೊಳಗೆ ಉಪ್ಪಿನ ಬಗ್ಗೆ, ಮಳೆಯ ಬಗ್ಗೆ ಹೇಗೆ ಹೇಳುತ್ತಿದ್ದಳೋ ಹಾಗೆಯೇ ಹೇಳಿದಳು. ಒಬ್ಬಿಬ್ಬರು ‘ಹೌದಲ್ಲ!’ ಎಂದರು. ಕಾಕಾ ನನ್ನ ಮುಖ ನೋಡಿದರು. ನನ್ನ ಕೋಟಿನೊಳಗೆ ಬೆವರು ಇಳಿಯುತ್ತಿತ್ತು. ಇಷ್ಟು ಹೊತ್ತು ಕಟ್ಟಿದ ವ್ಯಾಕರಣದ ಗೋಪುರ ಒಂದು ಕಾಲಿನಿಂದ ಬೀಳುವುದೇ? ನಾನು ನಕ್ಕೆ. ನಕ್ಕು, ಕಾಕಾನ ಕಡೆ ತಿರುಗಿ, ‘ಮುಲ್ಕಿಗೇ ಸಾಲಿ ಬಿಟ್ಟವ್ರಿಗೆ ಕಾಲು ಕಾಣತಾವ, ಕ್ರಿಯಾಪದ ಕಾಣೂದಿಲ್ಲ ಬಿಡ್ರಿ’ ಎಂದೆ.

ಕಟ್ಟೆಯೆಲ್ಲ ನಕ್ಕಿತು. ಹತ್ತಿದಳು ಪಕ್ಷದವರೂ ನಕ್ಕರು. ಮಾತು ಚೆನ್ನಾಗಿ ಬಂದಿತ್ತು, ಅದೇ ಅದರ ದೋಷ. ಗಿರಿಜಾ ತಾಟನ್ನು ಕಟ್ಟೆಯ ಮೇಲಿಟ್ಟಳು, ಕಪ್ಪುಗಳು ಸದ್ದು ಮಾಡಲಿಲ್ಲ. ಒಳಗೆ ಹೋದಳು. ಜನ ಚಹಾ ಕುಡಿದು, ನನ್ನ ಬೆನ್ನು ತಟ್ಟಿ, ತೀರ್ಪನ್ನು ಊರ ತುಂಬ ಹಂಚಲು ಹೊರಟರು. ನಾನು ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು, ‘ಹೆಂಗಿತ್ತು ಫೈಸ್ಲಾ?’ ಎಂದು ಕೇಳಿದೆ. ಹಾಗೆ ಕೇಳುವಷ್ಟು ಕತ್ತೆ ನಾನಾಗಿದ್ದೆ. ಆಕೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು, ಬಡಿತ ನಿಲ್ಲಲಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಯಾರೋ ಅವಿವಾಹಿತರು ಗಾದೆ ಮಾಡಿದ್ದಾರೆ. ನಾವು ಹತ್ತು ಸಲ ಉಂಡು ಹತ್ತು ಸಲ ಮಲಗಿದೆವು, ಆಕೆ ಜಗಳಕ್ಕೆ ಬರಲಿಲ್ಲ. ಜಗಳಕ್ಕೆ ಬಂದಿದ್ದರೆ ಎಷ್ಟು ಚಲೋ ಇತ್ತು! ಹೊತ್ತಿಗೆ ಸರಿಯಾಗಿ ಊಟ ಬರುತ್ತಿತ್ತು, ನೀರು ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಸಾರಿಗೆ ಉಪ್ಪು ಇಲ್ಲ ಎಂದರೆ ಉಪ್ಪಿನ ಡಬ್ಬಿ ಬಂದು ತಾಟಿನ ಪಕ್ಕ ಕೂಡುತ್ತಿತ್ತು. ಹನ್ನೊಂದನೆಯ ದಿನ ತಂಬೂರಿನಿಂದ ಕಾರ್ಡು ಬಂತು. ಅತ್ತೆಗೆ ಸೊಂಟ ಹಿಡಿದಿದೆ, ಗಿರಿಜಾ ಬಂದು ನಾಲ್ಕು ದಿನ ಇದ್ದರೆ ಅನುಕೂಲ ಎಂದು ಮಾವನವರು ಬರೆದಿದ್ದರು.

ನಾನೇ ಬಸ್ ನಿಲ್ದಾಣಕ್ಕೆ ಹೋಗಿ ಹತ್ತಿಸಿದೆ. ಹುಬ್ಬಳ್ಳಿಯ ಬಸ್ಸು ಬಂದ ಕೂಡಲೇ ನಾನು ನುಗ್ಗಿ, ಕಿಟಕಿಯೊಳಗಿಂದ ಟಾವೆಲು ಎಸೆದು ಸೀಟು ಹಿಡಿಯುವ ಗದ್ದಲದಲ್ಲಿದ್ದೆ. ಇನ್ನೊಬ್ಬನ ಟಾವೆಲು ನನ್ನ ಟಾವೆಲಿನ ಮೇಲೆ ಬಿದ್ದಿತ್ತು, ಯಾರದು ಮೊದಲು ಎಂದು ನಾನು ಅವನಿಗೆ ತರ್ಕ ಹೇಳುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಗಿರಿಜಾ ‘ಬರ್ತೀನ್ರಿ’ ಎಂದಳು. ತಿರುಗುವ ಹೊತ್ತಿಗೆ ಆಕೆ ಮೆಟ್ಟಿಲು ಹತ್ತಿಯಾಗಿತ್ತು. ಬಸ್ಸು ಹೊರಟಿತು. ಧೂಳು ಕೂತ ಮೇಲೆ ನನಗೆ ಆ ಮಾತು ಕೇಳಿಸಿತು. ಯಾವಾಗಲೂ ತವರಿಗೆ ಹೊರಟರೆ ‘ಹೋಗಿ ಬರ್ತೀನ್ರಿ’ ಅನ್ನುವವಳು. ಇವತ್ತು ‘ಹೋಗಿ’ ಎಲ್ಲಿ? ಗದ್ದಲದಲ್ಲಿ ನನಗೆ ಕೇಳಿಸಲಿಲ್ಲವೋ, ಆಕೆಯೇ ಬಿಟ್ಟಳೋ?

ನಾಲ್ಕು ದಿನ ಹೋಗಿ ಹದಿನಾಲ್ಕು ದಿನವಾಯಿತು. ನಾನು ಕಾಗದ ಬರೆದೆ. ಉತ್ತರವಾಗಿ ಗಿರಿಜಾಳ ಕಾರ್ಡು ಬಂತು: ಅವ್ವ ಹಾಸಿಗೆಯಲ್ಲೇ ಇದ್ದಾಳೆ, ಎಲ್ಲರೂ ಕ್ಷೇಮ. ಒಂದೂ ಅಕ್ಷರದೋಷವಿಲ್ಲ. ಒಂದು ತಪ್ಪಿದ್ದರೂ ಮನಸ್ಸಿಗೆ ಹಿತವಾಗುತ್ತಿತ್ತು. ನಾನು ಮನೆಯಲ್ಲಿ ರೊಟ್ಟಿ ಬಡಿಯಲು ಹೋಗಿ ಕಲಘಟಗಿ ತಾಲೂಕಿನ ನಕಾಶೆ ಮಾಡಿ, ಅದನ್ನೇ ಮೊಸರಿನಲ್ಲಿ ಅದ್ದಿ ತಿಂದೆ. ಇಪ್ಪತ್ತನೆಯ ದಿನ ಚಹಾದ ಹೋಟೆಲಿನಲ್ಲಿ ಯಾರೋ ವಿಚಾರಿಸಿದರು: ‘ಮಾಸ್ತರ, ನಿಮ್ಮ ಮನಿಯವ್ರು ಬರಲೇ ಇಲ್ಲಲ್ರಿ?’

‘ಬರ್ತಾಳ. ಬರ್ತೀನಿ ಅಂತ ಹೇಳೇ ಹೋಗ್ಯಾಳ’ ಎಂದೆ.

ಮೂಲೆಯಲ್ಲಿ ಯಾರೋ ಸಣ್ಣಗೆ, ‘ಎಲ್ಲಿ ನಿಂತು ಹೇಳಿದ್ರು ರೀ? ಬಸ್ ಸ್ಟ್ಯಾಂಡಿನ್ಯಾಗೇನು?’ ಎಂದು ಕೇಳಿದ. ಇನ್ನೊಬ್ಬ, ‘ಹಂಗಾದ್ರ ಮಾಸ್ತರ ಫೈಸ್ಲಾ ಪ್ರಕಾರ...’ ಎಂದು ಶುರು ಮಾಡಿ ಚಹಾ ಗುಟುಕರಿಸಿದ. ಯಾರೂ ನಗಲಿಲ್ಲ. ನಕ್ಕಿದ್ದರೆ ಸಿಟ್ಟು ಮಾಡಿಯಾದರೂ ಎದ್ದು ಬರಬಹುದಿತ್ತು. ಮರುದಿನದಿಂದ ಬಲಗಡೆಯ ಬಾಕಿನವರು ಆಕೆ ಬಂದೇ ಬರುತ್ತಾಳೆ ಎಂದೂ, ಎಡಗಡೆಯವರು ಮಾಸ್ತರ ವ್ಯಾಕರಣ ಸುಳ್ಳಾಗುವುದಿಲ್ಲ ಎಂದೂ ವಾದ ಹಾಕತೊಡಗಿದರು. ಸಿನಿಮಾ ಹಳೆಯದಾಗಿತ್ತು, ಈಗ ಅವರಿಗೆ ನನ್ನ ಸಂಸಾರ ಸಿಕ್ಕಿತ್ತು. ನನ್ನ ತೀರ್ಪಿನ ಮೇಲೆ ನಿಷ್ಠೆ ಇಟ್ಟವರೆಲ್ಲ ನನ್ನ ಹೆಂಡತಿ ಬರಬಾರದು ಎಂಬ ಪಕ್ಷದಲ್ಲಿದ್ದರು. ನಾನು ಮಾತ್ರ ವಿರುದ್ಧ ಪಕ್ಷದಲ್ಲಿದ್ದೆ. ಕ್ಷೌರದಂಗಡಿಯವನಿಗೆ ಹೆದರಿ ಗಡ್ಡವನ್ನೂ ಬಿಟ್ಟೆ.

ಆ ವಾರ ತಂಬು ಕಿತ್ತು ಅಳ್ನಾವರಕ್ಕೆ ಹೊರಟಿತ್ತು. ಮಧ್ಯಾಹ್ನ ಹುಸೇನಸಾಬ ಬಯಲಿನಲ್ಲಿ ಕೂತು ರೀಲುಗಳನ್ನು ಡಬ್ಬಿಗೆ ಸುತ್ತುತ್ತಿದ್ದ. ನಾನು ಸುಮ್ಮನೆ ಹೋಗಿ ಪಕ್ಕದಲ್ಲಿ ನಿಂತೆ. ಅವನು ನನ್ನ ಗಡ್ಡ ನೋಡಿದ. ಒಂದು ಡಬ್ಬಿಯ ಮುಚ್ಚಳ ತೆಗೆದು, ಫಿಲ್ಮಿನ ತುದಿಯನ್ನು ಬಿಸಿಲಿಗೆ ಎತ್ತಿ ಹಿಡಿದು, ‘ಬರ್ರಿ ಸರ, ನೋಡ್ರಿ’ ಎಂದ. ಬೆರಳುಗುರಿನಷ್ಟು ಚಿತ್ರಗಳು, ಒಂದರ ಕೆಳಗೊಂದು. ‘ಇದರಾಗ ಪಾಂವ್ ಹಿಂದ ಐತಿ. ಇದರಾಗ ಎತ್ತ್ಯಾಳ. ಇದರಾಗ ನೋಡ್ರಿ, ಮುಂದ ಇಟ್ಟಾಳ. ಇಲ್ಲಿಗೆ ತುಂಡಾಗೈತಿ.’ ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಹೌದು. ಸೀರೆಯ ಅಂಚಿನ ಕೆಳಗೆ ಒಂದು ಪಾದ, ಗಾಡಿಯ ಕಡೆಗೆ.

‘ನಮಗ್ಯಾಕ ಕಾಣಲಿಲ್ಲೋ ಮಾರಾಯ?’ ಎಂದೆ.

‘ನಿಮಗೆಲ್ಲಿಂದ ಕಾಣತೈತ್ರಿ? ನಿಮ್ಮ ಮುಂದ ನೆಲದ ಮ್ಯಾಲ ಎಲ್ಲಾ ರುಮಾಲಿನವ್ರು. ಗಾಡಿ ಸೀಟಿ ಊದಿದ ಕೂಡಲೇ ಎದ್ದು ಮೊಣಕಾಲ ಮ್ಯಾಲ ನಿಂತಿರ್ತಾರ. ಗಂಡಸ್ರಿಗೆ ಪರದಿ ಅರ್ಧಾನ ಕಾಣೂದು. ಹೆಣ್ಣುಮಕ್ಕಳು ಮುಂದ ಕುಂತಿರ್ತಾರ, ಪೂರಾ ನೋಡ್ತಾರ. ನಮ್ಮ ಬೀಬಿ ಮೊದಲನೇ ದಿನಾನ ಹೇಳಿದ್ಲು, ಹುಡುಗಿ ಹೊಂಟ್ಲು ಅಂತ.’

‘ಮತ್ತ ನೀ ಯಾಕ ಊರಾಗ ಹೇಳಲಿಲ್ಲ?’

‘ಯಾರ ಕೇಳಿದ್ರು ರೀ? ಅವ್ರು ನಿಮ್ಮನ್ನ ಕೇಳಿದ್ರು’ ಎಂದು ಅವನು ಡಬ್ಬಿ ಮುಚ್ಚಿದ.

ಮರುದಿನ ಬೆಳಿಗ್ಗೆಯೇ ತಂಬೂರಿಗೆ ಹೋದೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ. ಏನು ಹೇಳಬೇಕು ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಕಾಲಿನ ಮಾತಲ್ಲ, ಮುಲ್ಕಿಯ ಮಾತು. ಹತ್ತು ಜನರ ಮುಂದೆ ನಿನ್ನನ್ನು ಸಣ್ಣವಳನ್ನಾಗಿ ಮಾಡಿದೆ, ನನ್ನದು ತಪ್ಪಾಯಿತು. ಏಳೆಂಟು ಶಬ್ದ. ಪದ್ಯಗಳನ್ನೆಲ್ಲ ಕಂಠಪಾಠ ಹೇಳುವ ಮನುಷ್ಯನಿಗೆ ಇದೇನು ದೊಡ್ಡದು? ಕಲಘಟಗಿ ದಾಟಿ, ಮಣ್ಣಿನ ಬಣ್ಣ ಕರಿಯದರಿಂದ ಕೆಂಪಗಾಗುವ ಹೊತ್ತಿಗೆ ನಾನು ಅದರ ಕ್ರಿಯಾಪದಗಳನ್ನು ತಿದ್ದುತ್ತ ಕೂತಿದ್ದೆ.

ಅತ್ತೆ ಆಗಲೇ ಎದ್ದು ಪಡಸಾಲೆಯಲ್ಲಿ ಓಡಾಡುತ್ತಿದ್ದರು. ಗಿರಿಜಾ ಹಿತ್ತಿಲಿನಲ್ಲಿ ಅರಿವೆ ಹಿಂಡುತ್ತಿದ್ದಳು. ಸ್ವಲ್ಪ ಇಳಿದಂತೆ ಕಂಡಳು. ನನ್ನನ್ನು ನೋಡಿ, ‘ಗಡ್ಡ ಯಾಕ್ರಿ?’ ಎಂದಳು. ಬಸ್ ನಿಲ್ದಾಣದ ಆ ‘ಬರ್ತೀನ್ರಿ’ ಒಂದನ್ನು ಬಿಟ್ಟರೆ, ಮೂವತ್ತು ದಿನಗಳ ಮೇಲೆ ಕೇಳಿದ ಮೊದಲ ಮಾತು. ಅಲ್ಲಿಗೆ ನಾನು ನಾಚಿಕೆ ಬಿಟ್ಟು ಬಿಕ್ಕಬೇಕಾಗಿತ್ತು. ಅದರ ಬದಲು, ಕ್ಲಾಸಿನಲ್ಲಿ ನಿಂತವನ ಹಾಗೆ, ‘ಗಿರಿಜಾ, ನಿಂದ ಖರೆ ಇತ್ತು. ಆಕಿ ಕಾಲು ಮುಂದ ಇಟ್ಟಾಳ. ನಾನ ರೀಲ ನೋಡಿ ಬಂದೆ, ಬಿಸಲಿಗೆ ಹಿಡದು’ ಎಂದೆ.

ಆಕೆ ಹಿಂಡುತ್ತಿದ್ದ ಸೀರೆಯನ್ನು ಹಾಗೇ ಹಿಡಿದು ನಿಂತಳು. ‘ರೀಲ ನೋಡಿದ್ರೇನು?’

‘ಹೂಂ. ಕಣ್ಣಾರೆ ನೋಡಿದೆ.’

‘ಅಂದ್ರ ನಾ ಹೇಳಿದಾಗ ಅದು ಖರೆ ಇರಲಿಲ್ಲ. ರೀಲ ಹೇಳಿದ ಮ್ಯಾಲ ಖರೆ ಆತು.’

ನಾನು ಬಾಯಿ ತೆರೆದೆ. ಆ ಏಳೆಂಟು ಶಬ್ದ ನಾಲಿಗೆಯ ತುದಿಗೆ ಬಂದಿದ್ದವು, ದೇವರಾಣೆ. ಅಷ್ಟರಲ್ಲಿ ಮಾವನವರು ‘ಓಹೋ, ಅಳಿಯಂದಿರು ಬಂದ್ರೇನು! ಬರ್ರಿ, ಬರ್ರಿ. ನಿಮ್ಮ ಕಡೆ ಮಳಿ ಹೆಂಗೈತ್ರಿ?’ ಎಂದು ಕೂಗುತ್ತ ಬಂದರು. ನಾನು ಮಳೆಯ ಬಗ್ಗೆ ಮಾತಾಡಿದೆ. ಭತ್ತದ ಬಗ್ಗೆ ಮಾತಾಡಿದೆ. ಅತ್ತೆಯ ಸೊಂಟದ ಬಗ್ಗೆ ಅರ್ಧ ತಾಸು ಮಾತಾಡಿದೆ. ಗಿರಿಜಾ ಅಷ್ಟೂ ಹೊತ್ತು ಬಾಗಿಲಲ್ಲಿ ನಿಂತು ಕೇಳಿದಳು. ನಾನು ಇನ್ನೇನಾದರೂ ಹೇಳುತ್ತೇನೋ ಎಂದು ಕಾಯುತ್ತಿದ್ದಳು ಎಂಬುದು ನನಗೆ ತಿಳಿಯುತ್ತಿತ್ತು. ತಿಳಿದೂ ನಾನು ಭತ್ತದ ಗದ್ದೆ ಬಿಟ್ಟು ಮೇಲೆ ಬರಲಿಲ್ಲ. ಕೊನೆಗೆ ಆಕೆ ಒಳಗೆ ಹೋಗಿ ಚೀಲ ತಂದು, ‘ನಡೀರಿ, ಹೋಗೂಣು. ಅವ್ವ ಅಡ್ಡಾಡಾಕತ್ತಾಳ’ ಎಂದಳು.

ಬಸ್ಸಿನಲ್ಲಿ ಎರಡು ಸೀಟು ಸಿಕ್ಕವು. ಕಿಟಕಿಯ ಕಡೆ ಯಾವಾಗಲೂ ಆಕೆಯೇ ಕೂಡುವುದು. ಕೇಳುವ ಪದ್ಧತಿಯೂ ನಮ್ಮಲ್ಲಿ ಇರಲಿಲ್ಲ. ಅವತ್ತು ಮಾತ್ರ ಆಕೆ ನಿಂತೇ ಇದ್ದಳು. ‘ಕಿಡಕಿ ಕಡೆ ಕೂಡ್ತೀಯಲ್ಲ?’ ಎಂದೆ. ‘ನೀವು ಹೆಂಗಂತೀರಿ ಹಂಗ್ರಿ’ ಎಂದಳು. ಆಗ ನನಗೆ ಅದು ಮರ್ಯಾದೆಯ ಮಾತಾಗಿ ಕೇಳಿಸಿ, ಒಳಗೊಳಗೆ ಹಿಗ್ಗಿದೆ ಕೂಡ. ಊರಲ್ಲಿ ನಾವಿಬ್ಬರೂ ಬಸ್ಸಿಳಿದಾಗ ಬಲಗಡೆಯ ಬಾಕಿನವರು ಸಿಳ್ಳೆ ಹಾಕಿದರು. ಕ್ಷೌರದಂಗಡಿಯವನು ಕರೆದು ಕೂರಿಸಿ, ತುಸು ನಿರಾಶೆಯಿಂದಲೇ ನನ್ನ ಗಡ್ಡ ಬೋಳಿಸಿದ. ಊರಿನ ಮಟ್ಟಿಗೆ ಕಥೆ ಸುಖಾಂತವಾಯಿತು.

ಇದಾಗಿ ಎರಡು ವರ್ಷವಾಯಿತು. ಗಿರಿಜಾ ಬಂದಳು, ಆಕೆಯ ಅಭಿಪ್ರಾಯ ತಂಬೂರಿನಲ್ಲೇ ಉಳಿಯಿತು. ಈಗ ನಮ್ಮ ಮನೆಯಲ್ಲಿ ವಾದವೇ ಇಲ್ಲ. ಸಾರಿಗೆ ಉಪ್ಪು ಕಡಿಮೆ ಎಂದರೆ ‘ಹೌದ್ರಿ’. ಹೆಚ್ಚು ಎಂದರೆ ‘ಹೌದ್ರಿ’. ಒಂದು ದಿನ ಪರೀಕ್ಷೆಗೆಂದು ಒಂದೇ ಊಟದಲ್ಲಿ ಎರಡನ್ನೂ ಅಂದೆ, ಎರಡಕ್ಕೂ ‘ಹೌದ್ರಿ’ ಬಂತು. ಸುಡುವ ಬಿಸಿಲಿನಲ್ಲಿ ನಿಂತು ‘ಇವತ್ತ ಮಳಿ ಗ್ಯಾರಂಟಿ’ ಎಂದೆ. ‘ಹೌದ್ರಿ’ ಎಂದು ಹಪ್ಪಳ ಒಳಗೆ ತೆಗೆದಿಟ್ಟಳು. ಚನ್ನಬಸಪ್ಪ ಕಾಕಾನ ಮನೆಗೆ ಟೀವಿ ಬಂದಿದೆ. ಅಲ್ಲಿ ಭಾನುವಾರ ಸಿನಿಮಾ ನೋಡಿ ಬರುವಾಗ, ‘ಆ ಹೀರೋಯಿನ್ ಮಾಡಿದ್ದು ಹುಚ್ಚತನ, ಅಲ್ಲೇನು?’ ಎಂದು ಕೆಣಕುತ್ತೇನೆ. ‘ಹೌದ್ರಿ’ ಅನ್ನುತ್ತಾಳೆ. ‘ಅಲ್ಲ, ಆಕಿ ಮಾಡಿದ್ದ ಬರೋಬ್ಬರಿ ಅಂತ ಕಾಣತೈತಿ’ ಎಂದು ತಿರುಗಿಸಿದರೆ ಅದಕ್ಕೂ ಅಷ್ಟೇ. ಕಾಕಾ ತಮ್ಮ ಹೆಂಡತಿಗೆ ನಮ್ಮನ್ನು ತೋರಿಸಿ, ‘ನೋಡು, ಮಾಸ್ತರ ಮನ್ಯಾಗ ಒಂದು ದನಿ ಏಳೂದಿಲ್ಲ. ಸಂಸಾರ ಅಂದ್ರ ಹಂಗಿರಬೇಕು’ ಅನ್ನುತ್ತಾರೆ. ಸಾಲಿಯಲ್ಲಿ ಐವತ್ತು ‘ಹೌದ್ರಿ’ ಕೇಳಿ, ಮನೆಗೆ ಬಂದು ಐವತ್ತೊಂದನೆಯದನ್ನು ಕೇಳುತ್ತೇನೆ. ಸಾಲಿ ಬಿಟ್ಟ ಮೇಲೆ ಈಗ ನಾನು ನಿಧಾನವಾಗಿ ನಡೆಯುತ್ತೇನೆ.

ಹೋದ ವಾರ ಸಂಜೆ ತಡೆಯದಾಯಿತು. ಗಿರಿಜಾ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಜೋಳದೊಳಗಿನ ಕಲ್ಲುಹರಳು ಆರಿಸುತ್ತಿದ್ದಳು. ನಾನು ಎದುರಿಗೆ ಹೋಗಿ ನಿಂತು, ಎರಡು ವರ್ಷ ತಡವಾಗಿ, ಮಾವನವರೂ ಇಲ್ಲ, ಭತ್ತವೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ‘ಗಿರಿಜಾ, ಅವತ್ತ ಕಟ್ಟಿ ಮ್ಯಾಲ ಮುಲ್ಕಿ ಗಿಲ್ಕಿ ಅಂತ ನಾ ಅಂದದ್ದು ತಪ್ಪಾತು. ಬಹಳ ತಪ್ಪಾತು. ನಾ ಒಬ್ಬ ಶುದ್ಧ ಮೂರ್ಖ’ ಎಂದೆ. ಆಕೆಯ ಬೆರಳು ಒಂದು ಗಳಿಗೆ ನಿಂತವು.

‘ಹೌದ್ರಿ’ ಎಂದಳು.

ನಾನು ಕನ್ನಡ ಮಾಸ್ತರ. ಇದು ಎರಡು ವರ್ಷಗಳಿಂದ ಕೇಳುತ್ತಿರುವ ಅದೇ ‘ಹೌದ್ರಿ’ಯೋ, ಅಥವಾ ಎರಡು ವರ್ಷಗಳಲ್ಲಿ ಆಕೆ ಮೊದಲ ಸಲ ಬಾಯಿಬಿಟ್ಟು ಹೇಳಿದ ಸ್ವಂತ ಅಭಿಪ್ರಾಯವೋ, ನನಗೆ ತಿಳಿಯಲಿಲ್ಲ. ಮುಖ ನೋಡಿದೆ. ಅದು ಮೊರದ ಕಡೆ ಬಾಗಿತ್ತು. ಕೇಳುವ ಧೈರ್ಯವಾಗದೆ, ನಾನೂ ಮೊರದ ಈಚೆ ಕೂತು ಹರಳು ಆರಿಸತೊಡಗಿದೆ. ಆಮೇಲೆ ನಾನು ಆರಿಸಿ ಬೇರೆ ಮಾಡಿದ್ದ ಜೋಳವನ್ನು ಆಕೆ ಸದ್ದಿಲ್ಲದೆ ತನ್ನ ಕಡೆ ಎಳೆದುಕೊಂಡು, ಅಷ್ಟನ್ನೂ ಇನ್ನೊಮ್ಮೆ ಆರಿಸಿದಳು.